ಮಾದರಿ ಕೋಣೆಯ ದಿಂಬು

ಸಹಭಾಗಿತ್ವ ಎಂದರೇನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಅತ್ತೆಯನ್ನು ನೋಡಿಕೊಳ್ಳುವುದು ಗಂಡುಮಕ್ಕಳಿಬ್ಬರ ಸಮಪಾಲು ಎಂದು ನನ್ನ ಗಂಡನೂ ಭಾವನೂ ನಾಲ್ಕು ಜನರ ಮುಂದೆ ಒಪ್ಪಿಕೊಂಡಿದ್ದರು. ಅತ್ತೆಗೆ ಜ್ವರ ಬಂದರೆ ಗಂಡ, "ಅಣ್ಣನಿಗೆ ಹೇಳು" ಎನ್ನುತ್ತಿದ್ದ. ಭಾವನಿಗೆ ಹೇಳಿದರೆ, "ತಮ್ಮ ಏನಂದ?" ಎಂದು ಕೇಳುತ್ತಿದ್ದರು. ಇಬ್ಬರೂ ಮಾತು ತಪ್ಪಿದವರಲ್ಲ. ಅತ್ತೆಯ ಬೆಡ್‌ಪ್ಯಾನ್ ಮಾತ್ರ ನನ್ನ ಕೈಯಲ್ಲಿತ್ತು.

ಹಾಗಾಗಿ, ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಳೆಯ ಹಾಸ್ಟೆಲನ್ನು ಕೆಡವುತ್ತಾರೆ, ಕಂಪನಿಯೊಂದರ ಜೊತೆ ಸೇರಿ ಹೊಸದು ಕಟ್ಟುತ್ತಾರೆ, ಅದಕ್ಕೆ ಸಹಭಾಗಿತ್ವ ಎನ್ನುತ್ತಾರೆ ಎಂದು ಕೇಳಿದಾಗ ನಾನು ಮೊದಲು ನೋಡಿಕೊಂಡದ್ದು ನನ್ನ ಕೈಯನ್ನು.

ಆ ಹಳೆಯ ಹಾಸ್ಟೆಲಿನಲ್ಲಿ ನಾನು ಗುಡಿಸಿ ಒರೆಸುವವಳು. ಜಾಗ ವಿಶ್ವವಿದ್ಯಾಲಯ ಕೊಟ್ಟಿತು, ಕಟ್ಟಡ ಕಂಪನಿ ಕಟ್ಟಿತು. ಮುಂಭಾಗದ ಕೋಣೆಗಳಿಗೆ ಕಂಪನಿ ಹೇಳಿದ್ದೇ ಬಾಡಿಗೆ. ಹಿಂಭಾಗ ಪೂರ್ತಿ ಬಡ ಹುಡುಗಿಯರಿಗೆ, ಹಳೆಯ ಹಾಸ್ಟೆಲಿನ ದರದಲ್ಲಿ. ಅದಕ್ಕೆ ಒಪ್ಪಂದದಲ್ಲಿ 'ವಿಶ್ವವಿದ್ಯಾಲಯದ ಪಾಲು' ಎಂದು ಹೆಸರು. ಹಸ್ತಾಂತರದ ದಿನ ಹಳೆಯ ಸಾಮಾನುಗಳನ್ನೆಲ್ಲ ಕಂಪನಿಗೆ ಒಪ್ಪಿಸಿದರು. ಏಣಿ, ಬಕೆಟ್ಟುಗಳು, ನೀರಿನ ಡ್ರಮ್ಮು, ನಾನು. ಏಣಿ ಹಳೆಯದಾಗಿದೆ ಎಂದು ಎಸೆದರು. ನನಗೆ ನೀಲಿ ಅಂಗಿ ಕೊಟ್ಟರು. ಬೆನ್ನ ಮೇಲೆ ಕಂಪನಿಯ ಗುರುತು, ಎದೆಯ ಮೇಲೆ ವಿಶ್ವವಿದ್ಯಾಲಯದ್ದು. ಸಂಬಳ ತಡವಾದಾಗ ಯಾವ ಕಡೆಯಿಂದ ಕೇಳಬೇಕು ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಕಟ್ಟಡ ಮುಗಿದ ವರ್ಷವೇ ನನ್ನ ಮಗಳಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ನನಗೆ ಹೆಮ್ಮೆಯಾಯಿತು. ಒಂದು ವಾರ ಇತ್ತು ಹೆಮ್ಮೆ. ಆಮೇಲೆ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತು.

ನಮ್ಮದು ಊರಾಚೆ ಒಂದೇ ಕೋಣೆಯ ಮನೆ. ಒಂದು ಗೋಡೆಗೆ ಅತ್ತೆಯ ಮಂಚ, ಎದುರು ಗೋಡೆಗೆ ಒಲೆ, ನಡುವೆ ನಾವಿಬ್ಬರು. ಗಂಡ ಲಾರಿ ಓಡಿಸುತ್ತಾನೆ. ಬಂದ ದಿನ ಅವನೂ ಅಲ್ಲೇ. ಅತ್ತೆಗೆ ರಾತ್ರಿಯಿಡೀ ಕೆಮ್ಮು. ಕೆಮ್ಮು ನಿಂತರೆ ಮಾತು. ಕತ್ತಲಿರುವಾಗಲೇ ಮಗಳು ಬಸ್ಸು ಹಿಡಿಯಬೇಕು, ನಡುವೆ ಇನ್ನೊಂದಕ್ಕೆ ಹತ್ತಬೇಕು. ಅವಳು ನಿಂತೇ ನಿದ್ದೆ ಮಾಡುವುದನ್ನು ಕಲಿತಳು. ಕಂಬಿ ಹಿಡಿದು ನಿದ್ದೆ. ಯಾರದೋ ಭುಜಕ್ಕೆ ಒರಗಿ, ಬೈಸಿಕೊಂಡು, ಮತ್ತೆ ನಿದ್ದೆ. ಒಮ್ಮೆ ಡಿಪೋದಲ್ಲಿ ಎದ್ದಳು. ಬಸ್ಸು ತೊಳೆಯುವವರು ಕಿಟಕಿಗೆ ನೀರು ಹೊಡೆದಾಗ.

ಪರೀಕ್ಷೆಯಲ್ಲೂ ಮಲಗಿದಳು.

"ಉತ್ತರ ಗೊತ್ತಿತ್ತಮ್ಮಾ," ಎಂದಳು ಮನೆಗೆ ಬಂದು. "ಬರೀತಾನೇ ಇದ್ದೆ. ಒಂದ್ಸಲ ಕಣ್ಣು ಮುಚ್ಚಿದೆ ಅಷ್ಟೆ. ತೆಗೆದಾಗ ಪೇಪರ್ ಎತ್ಕೊಂಡು ಹೋಗ್ತಾ ಇದ್ರು."

"ಪಕ್ಕದೋರು ಯಾರಾದ್ರೂ ಎಬ್ಬಿಸಬಾರದಿತ್ತಾ?" ಎಂದರು ಅತ್ತೆ, ಮಂಚದಿಂದ.

"ಪರೀಕ್ಷೇಲಿ ಮಾತಾಡೋ ಹಾಗಿಲ್ಲ ಅಜ್ಜಿ."

"ಮಾತಾಡದೆ ಒದೀಬಹುದಿತ್ತಲ್ಲ."

ಆ ವಿಷಯ ಫೇಲಾಯಿತು. ಮರುಪರೀಕ್ಷೆಯಲ್ಲೂ ಹೋದರೆ ಸೀಟು ಉಳಿಯುವುದಿಲ್ಲ ಎಂದು ಅವಳ ವಿಭಾಗದವರು ಹೇಳಿ ಕಳಿಸಿದರು. ಅವಳಿಗೆ ಟಾನಿಕ್ ಬರೆದುಕೊಡುವ ಡಾಕ್ಟರು ಸಿಕ್ಕರು, ಬುದ್ಧಿ ಹೇಳುವವರಂತೂ ಬೇಕಾದಷ್ಟು ಸಿಕ್ಕರು. ಅವಳಿಗೆ ಬೇಕಾಗಿದ್ದು ಮಲಗಲು ಒಂದು ಹಾಸಿಗೆ.

ನಾನು ವಿಶ್ವವಿದ್ಯಾಲಯದ ಕಚೇರಿಗೆ ಹೋದೆ. ಹಾಸ್ಟೆಲಿನ ಹಿಂಭಾಗದಲ್ಲಿ ಮಗಳಿಗೆ ಒಂದು ಜಾಗ ಕೊಡಿ ಎಂದೆ.

"ಕೋಣೆ ಹಂಚೋದು ಕಂಪನಿ," ಎಂದರು.

ಕಂಪನಿಯ ಕಚೇರಿ ನಾನು ದಿನಾ ಒರೆಸುವ ಕೋಣೆಯೇ. ಅಲ್ಲಿಯ ಮ್ಯಾನೇಜರನ್ನು ಕೇಳಿದೆ.

"ಅದು ವಿಶ್ವವಿದ್ಯಾಲಯದ ಪಾಲು," ಎಂದರು ಅವರು. "ನಾವು ಕೈ ಹಾಕೋ ಹಾಗಿಲ್ಲ. ದಯವಿಟ್ಟು ಅರ್ಥ ಮಾಡ್ಕೊಳ್ಳಿ."

ಈ ಮ್ಯಾನೇಜರಿಗೆ ನಾವೆಲ್ಲ ಇಟ್ಟ ಹೆಸರು ದಯವಿಟ್ಟು ಸಾರ್. ಗದರಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ದಯವಿಟ್ಟು ಇಲ್ಲಿ ಕೂರಬೇಡಿ. ದಯವಿಟ್ಟು ಲಿಫ್ಟು ಬಳಸಬೇಡಿ. ಅಡುಗೆಯ ಹೆಂಗಸೊಬ್ಬಳ ಬೆರಳು ಯಂತ್ರಕ್ಕೆ ಸಿಕ್ಕಿದಾಗ, "ದಯವಿಟ್ಟು ನೆಲದ ಮೇಲೆ ರಕ್ತ ಬೀಳದ ಹಾಗೆ ನೋಡ್ಕೊಳ್ಳಿ" ಎಂದಿದ್ದರು. ಆ ಹೆಂಗಸು ನೋಡಿಕೊಂಡಳು.

ಹಿಂಭಾಗದಲ್ಲಿ ಯಾರಿದ್ದಾರೆ ಎಂದು ನನಗೆ ಗೊತ್ತಿತ್ತು. ಅಲ್ಲಿ ಒರೆಸುವವಳೂ ನಾನೇ. ಬಾಗಿಲ ಮೇಲೆ 'ಅತಿಥಿ ವಿಭಾಗ' ಎಂಬ ಫಲಕವಿತ್ತು. ಚಕ್ರದ ಪೆಟ್ಟಿಗೆ ಎಳೆದುಕೊಂಡು ಬರುವ ಪ್ರವಾಸಿಗಳು, ಸಮ್ಮೇಳನಕ್ಕೆ ಬಂದವರು, ಆಸ್ಪತ್ರೆಯಲ್ಲಿ ನೆಂಟರನ್ನು ನೋಡಲು ಬಂದವರು, ಒಂದೊಂದು ರಾತ್ರಿಗೆ ಬಂದು ಹೋಗುತ್ತಿದ್ದರು. ಬಡ ಹುಡುಗಿಯರಿಗೆ ಅದನ್ನು ಹಂತಹಂತವಾಗಿ ತೆರೆಯುವುದಾಗಿ ಒಪ್ಪಂದದಲ್ಲೇ ಇದೆಯಂತೆ. ಮೊದಲ ಹಂತವಾಗಿ ಒಂದು ಕೋಣೆಯನ್ನು ಸಿದ್ಧಪಡಿಸಿದ್ದರು. ಮುಂಬಾಗಿಲ ಪಕ್ಕದಲ್ಲೇ. ಅದಕ್ಕೆ ಮಾದರಿ ಕೋಣೆ ಎಂದು ಹೆಸರು. ಅದರಲ್ಲಿ ಯಾರೂ ಇರುತ್ತಿರಲಿಲ್ಲ. ಇದ್ದರೆ ಮಾದರಿ ಕೆಡುತ್ತದೆ.

ಆ ಕೋಣೆ ನನ್ನ ಜವಾಬ್ದಾರಿ. ಕಿಟಕಿಗೆ ತಿಳಿಹಳದಿ ಪರದೆ. ಮೇಜು, ದೀಪ, ಬೆನ್ನಿಗೆ ಒರಗುವ ಕುರ್ಚಿ, ಗೋಡೆಯಲ್ಲಿ ಪುಸ್ತಕದ ಹಲಗೆ. ಹಾಸಿಗೆ ಎಷ್ಟು ಮೆತ್ತಗೆ ಎಂದರೆ, ಹೊದಿಕೆ ಸಿಕ್ಕಿಸಲು ಕೈ ಇಟ್ಟರೆ ಮಣಿಕಟ್ಟಿನವರೆಗೆ ಒಳಗೆ ಹೋಗುತ್ತಿತ್ತು. ಮೊದಮೊದಲು ನಾನು ಆಸ್ಪತ್ರೆಯ ಹಾಸಿಗೆಯಂತೆ ಬಿಗಿಯಾಗಿ ಹಾಸಿದೆ. ದಯವಿಟ್ಟು ಸಾರ್ ತಲೆಯಾಡಿಸಿದರು.

"ಇದು ಯಾರೋ ಇರೋ ಕೋಣೆ ಥರ ಕಾಣಬೇಕು. ಈಗ ತಾನೆ ಹುಡುಗಿ ಎದ್ದು ಕ್ಲಾಸಿಗೆ ಹೋದಳು ಅನ್ನಿಸಬೇಕು. ದಯವಿಟ್ಟು ಸ್ವಲ್ಪ ಜೀವ ತುಂಬಿ."

ಜೀವ ತುಂಬಿದೆ. ಹೊದಿಕೆಯ ಒಂದು ಮೂಲೆ ಮಡಚಿದೆ. ಕಪ್ಪಿನ ತಳದಲ್ಲಿ ಒಂದು ಗುಟುಕು ಟೀ ಉಳಿಸಿದೆ. ಕುರ್ಚಿಗೆ ಒಂದು ಸ್ವೆಟರು ನೇತುಹಾಕಿದೆ. ದಿಂಬಿಗೆ ಮೊಣಕೈ ಊರಿ, ಅರ್ಧ ಸುತ್ತು ತಿರುಗಿಸಿ, ತಲೆ ಇಟ್ಟಷ್ಟು ಗುಳಿ ಮಾಡಿದೆ. ಆ ಗುಳಿ ಸಂಜೆಯೊಳಗೆ ತಾನಾಗಿ ಉಬ್ಬಿ ಮಾಯವಾಗುತ್ತಿತ್ತು. ಮರುದಿನ ಮತ್ತೆ ಮೊಣಕೈ. ಮನೆಯಲ್ಲಿ ನನ್ನ ಮಗಳು ಮಡಚಿದ ಟವೆಲಿನ ಮೇಲೆ ತಲೆಯಿಟ್ಟು ಎಚ್ಚರವಿರುತ್ತಿದ್ದಳು. ಇಲ್ಲಿ ನನ್ನ ಮೊಣಕೈ ಸುಖವಾಗಿ ಮಲಗಿ ಏಳುತ್ತಿತ್ತು.

ಆ ಕೋಣೆಗೆ ಹೊಂದಿಕೊಂಡೇ ಟಾಯ್ಲೆಟ್ಟು. ಬಿಳಿ ಕಮೋಡು, ಮಿಂಚುವ ನಲ್ಲಿ. ಎರಡಕ್ಕೂ ಪೈಪು ಇಲ್ಲ. ಗೋಡೆಯ ಒಳಗಿನ ಪೈಪು ಕಂಪನಿಯದು, ಹೊರಗಿನ ಚರಂಡಿ ವಿಶ್ವವಿದ್ಯಾಲಯದ್ದು, ಎರಡನ್ನೂ ಸೇರಿಸುವುದು ಯಾರ ಕೆಲಸ ಎಂದು ಒಪ್ಪಂದದಲ್ಲಿ ಸ್ಪಷ್ಟವಿರಲಿಲ್ಲ. ಯಾರೂ ಇರದ ಕೋಣೆಗೆ ಅದರಿಂದ ತೊಂದರೆಯೂ ಇರಲಿಲ್ಲ.

ತೊಂದರೆಯಾದದ್ದು ಉದ್ಘಾಟನೆಯ ದಿನ. ದೊಡ್ಡವರೊಬ್ಬರು ಕೋಣೆ ನೋಡಲು ಬಂದವರು ಬಹಳ ಮೆಚ್ಚಿಕೊಂಡು, ಟಾಯ್ಲೆಟ್ಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಜನ ಗೌರವದಿಂದ ಕಾದರು. ಒಳಗಿನಿಂದ ಫ್ಲಶ್ಶಿನ ಗುಂಡಿ ಒತ್ತುವ ಟಪ್ ಎಂಬ ಸದ್ದು ಬಂತು. ಮತ್ತೊಮ್ಮೆ ಟಪ್. ಮತ್ತೂ ಒಮ್ಮೆ. ಆಮೇಲೆ ಅವರು ಹೊರಬಂದು, "ವ್ಯವಸ್ಥೆ ಅಚ್ಚುಕಟ್ಟಾಗಿದೆ" ಎಂದು ಹೇಳಿ ಭಾಷಣಕ್ಕೆ ಹೋದರು.

ದಯವಿಟ್ಟು ಸಾರ್ ನನ್ನನ್ನು ನೋಡಿದರು. ನೋಡಿದರೆ ಸಾಕಿತ್ತು.

ಮಗ್ಗಿನಿಂದ ತೋಡಿದೆ. ಬಕೆಟ್ಟಿಗೆ ಹಾಕಿದೆ. ಮೇಲೆ ಟವೆಲು ಮುಚ್ಚಿದೆ. ಕೋಣೆಗೆ ಹಿಂಬಾಗಿಲಿರಲಿಲ್ಲ, ಮುಂದಿನ ಹಜಾರದಿಂದಲೇ ಹೋಗಬೇಕು. ಅಲ್ಲಿ ಅತಿಥಿಗಳು ಟೀ ಕುಡಿಯುತ್ತಿದ್ದರು. ಉದಾರ ಮನಸ್ಸಿನ ಒಬ್ಬರು ನನಗಾಗಿ ಬಾಗಿಲು ಹಿಡಿದು, "ಭಾರ ಇದೆಯಾ?" ಎಂದು ಕೇಳಿದರು. "ಅಷ್ಟೇನಿಲ್ಲ ಸಾರ್" ಎಂದೆ. ವೇದಿಕೆಯ ಮೇಲಿಂದ, ಹೆಣ್ಣುಮಕ್ಕಳ ಘನತೆಯ ಬಗ್ಗೆ ಆ ದೊಡ್ಡವರ ದನಿ ಕೇಳಿಸುತ್ತಿತ್ತು. ಅವರ ಬಕೆಟ್ಟು ನನ್ನ ಕೈಯಲ್ಲಿತ್ತು. ಕೈ ಎಷ್ಟು ಸಲ ತೊಳೆದರೂ ಆ ದಿನ ಊಟ ಸೇರಲಿಲ್ಲ. ಅತ್ತೆಯದನ್ನು ವರ್ಷಗಟ್ಟಲೆ ಎತ್ತಿದ್ದೇನೆ. ಹೀಗೆ ಎಂದೂ ಆಗಿರಲಿಲ್ಲ. ಅತ್ತೆ ನನಗೆ ಬೈಯುತ್ತಾರೆ, ಆದರೆ ಎತ್ತುವಾಗ ಮುಖ ಆಚೆ ತಿರುಗಿಸಿ ನಾಚಿಕೊಳ್ಳುತ್ತಾರೆ. ಇಲ್ಲಿ ನಾಚಿಕೊಂಡವಳು ನಾನೊಬ್ಬಳೇ.

ಅಂದಿನಿಂದ ಟಾಯ್ಲೆಟ್ಟಿನ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ನನ್ನ ಸೊಂಟಕ್ಕೆ ಬಂತು.

ಮಗಳು ಆ ಕೋಣೆಗೆ ಬಂದದ್ದು ದಯವಿಟ್ಟು ಸಾರ್ ಕರೆದದ್ದರಿಂದಲೇ. ನೋಡಲು ಬರುವವರು, "ಹುಡುಗಿ ಎಲ್ಲಿ?" ಎಂದು ಕೇಳತೊಡಗಿದ್ದರಂತೆ. ಬರೀ ದಿಂಬಿನ ಗುಳಿಯಿಂದ ಅವರಿಗೆ ತೃಪ್ತಿಯಾಗುತ್ತಿರಲಿಲ್ಲ.

"ನಿಮ್ಮ ಮಗಳು ಇಲ್ಲೇ ಓದ್ತಾಳಲ್ವಾ?" ಎಂದರು. "ಯಾರಾದ್ರೂ ಬರೋ ದಿನ ಬಂದು ಮೇಜಿನ ಹತ್ರ ಕೂತು ಓದಿದ್ರೆ ಸಾಕು. ಬೇರೆ ಹುಡುಗೀರು ಒಪ್ಪಲ್ಲ, ಅವರಿಗೆ ಕೋಣೆ ಇದೆ."

"ನನ್ನ ಮಗಳಿಗೆ ಇಲ್ಲವಲ್ಲ ಸಾರ್."

"ಅದಕ್ಕೇ ಹೇಳಿದ್ದು. ಹಿಂಭಾಗ ತೆರೆದ ತಕ್ಷಣ ಮೊದಲನೇ ಹಾಸಿಗೆ ಅವಳಿಗೇ. ನನ್ನ ಮಾತು. ಒಂದೇ ಷರತ್ತು. ದಯವಿಟ್ಟು ಈ ಹಾಸಿಗೆ ಮೇಲೆ ಕೂರಬಾರದು, ಮಲಗಬಾರದು. ಕುರ್ಚಿ ಮಾತ್ರ."

ಮಗಳಿಗೆ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ನಗು ನಿಂತ ಮೇಲೆ, "ಫ್ಯಾನಿದೆಯಾ?" ಎಂದು ಕೇಳಿದಳು. "ಇದೆ" ಎಂದೆ. "ಬರ್ತೀನಿ" ಎಂದಳು.

ಹೀಗೆ ನನ್ನ ಮಗಳು ಹಾಸ್ಟೆಲಿನ ಹುಡುಗಿಯಾದಳು. ಬಂದವರು ಕೇಳಿದರೆ ಹೇಳಬೇಕಾದ ಮಾತನ್ನೂ ಕಲಿಸಿದ್ದರು: ತುಂಬಾ ಅನುಕೂಲವಾಗಿದೆ, ಮನೆಯ ನೆನಪೇ ಬರುವುದಿಲ್ಲ. ಅವಳು ಅದನ್ನು ಮುಖದ ಒಂದು ಗೆರೆಯೂ ಅಲ್ಲಾಡದಂತೆ ಹೇಳುತ್ತಿದ್ದಳು. ನಾನು ಮೂಲೆಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಲ್ಲುತ್ತಿದ್ದೆ. ಅವಳು ನನ್ನನ್ನು ಗುರುತು ಹಿಡಿಯಬಾರದು ಎಂಬುದೂ ಷರತ್ತಿನಲ್ಲಿತ್ತು. ಒಮ್ಮೆ ಯಾರೋ, "ಇಲ್ಲಿಯ ಕೆಲಸದೋರು ಚೆನ್ನಾಗಿ ನೋಡ್ಕೋತಾರಾ?" ಎಂದು ಕೇಳಿದಾಗ, ಅವಳು ನನ್ನ ಕಡೆ ತಿರುಗದೆಯೇ, "ತಾಯಿ ಥರ ನೋಡ್ಕೋತಾರೆ" ಎಂದಳು. ನಾನು ಬಗ್ಗಿ ಇಲ್ಲದ ಧೂಳನ್ನು ಒರೆಸಿದೆ.

ಬಂದವರು ಹೋದ ಮೇಲೆ ಅವಳು ಎದ್ದು, ಕುರ್ಚಿ ಒಳಗೆ ತಳ್ಳಿ, ಬಸ್ಸು ಹಿಡಿಯಲು ಓಡುತ್ತಿದ್ದಳು. ಮನೆಗೆ ಬಂದರೆ ಅತ್ತೆ ಕಾದು ಕೂತಿರುತ್ತಿದ್ದರು.

"ಇವತ್ತಾದ್ರೂ ಮಲಗಿದ್ಯೇನೇ ಆ ಹಾಸಿಗೆ ಮೇಲೆ?"

"ಮುಟ್ಟೋ ಹಾಗಿಲ್ಲ ಅಜ್ಜಿ."

"ಮೆತ್ತಗಿದೆಯಂತಾ?"

"ಅಮ್ಮನ ಮೊಣಕೈಯನ್ನ ಕೇಳು."

ಹಿಂಭಾಗ ತೆರೆಯಲಿಲ್ಲ. ನಾನು ಕೇಳಿದಾಗಲೆಲ್ಲ ದಯವಿಟ್ಟು ಸಾರ್, "ಮುಂದಿನ ಹಂತದಲ್ಲಿ" ಎಂದರು. ಮರುಪರೀಕ್ಷೆ ಹತ್ತಿರ ಬಂತು.

ಪರಿಶೀಲನಾ ಸಮಿತಿ ಪರೀಕ್ಷೆಯ ಹಿಂದಿನ ದಿನವೇ ಬರುವುದೆಂದು ಗೊತ್ತಾಯಿತು. ಸಹಭಾಗಿತ್ವ ಸರಿಯಾಗಿ ನಡೆಯುತ್ತಿದೆಯೇ ಎಂದು ವಿಶ್ವವಿದ್ಯಾಲಯದವರೂ ಕಂಪನಿಯವರೂ ಸೇರಿ ನೋಡುವ ಸಮಿತಿ. ಆ ದಿನ ನಾನು ಮುಂಜಾನೆಯೇ ಬಂದು ಹಿಂಭಾಗದ ಬಾಗಿಲಿನಿಂದ 'ಅತಿಥಿ ವಿಭಾಗ' ಫಲಕ ಇಳಿಸಿ, 'ವಿದ್ಯಾರ್ಥಿನಿಯರ ವಿಭಾಗ' ಎಂಬುದನ್ನು ನೇತುಹಾಕಿದೆ. ಎರಡನ್ನೂ ಒರೆಸಿಡುವವಳು ನಾನೇ. ಆಮೇಲೆ ಮಾದರಿ ಕೋಣೆಗೆ ಬಂದು ಸ್ವೆಟರು, ಟೀ ಕಪ್ಪು, ದಿಂಬಿನ ಗುಳಿ ಎಲ್ಲ ಮುಗಿಸಿದೆ.

ಮಗಳು ಬಂದಳು. ಹಿಂದಿನ ರಾತ್ರಿ ಅತ್ತೆಗೆ ಉಸಿರು ಕಟ್ಟಿ ನಾವಿಬ್ಬರೂ ಸರದಿಯಲ್ಲಿ ಬೆನ್ನು ತಟ್ಟಿದ್ದೆವು. ಅವಳ ಕಣ್ಣು ಕೆಂಪಗಿದ್ದವು. ಕೈಯಲ್ಲಿ ಪುಸ್ತಕವಿತ್ತು, ಪುಸ್ತಕ ತಲೆಕೆಳಗಾಗಿತ್ತು. ದಯವಿಟ್ಟು ಸಾರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪುಸ್ತಕವನ್ನು ನೆಟ್ಟಗೆ ಮಾಡಿ, ಸಮಿತಿಯನ್ನು ಎದುರುಗೊಳ್ಳಲು ಗೇಟಿಗೆ ಹೋದರು.

"ಅಮ್ಮಾ," ಎಂದಳು.

"ಏನು ಮಗಾ?"

"ಅಕ್ಷರ ಎಲ್ಲಾ ಓಡಾಡ್ತಾ ಇವೆ. ಒಂದೇ ಒಂದು ನಿಮಿಷ."

ಎದ್ದಳು. ಎರಡು ಹೆಜ್ಜೆ ಇಟ್ಟಳು. ಚಪ್ಪಲಿ ಬಿಟ್ಟಳು. ಹಾಸಿಗೆಯ ಮೇಲೆ ಒರಗಿ, ನಾನು ಮೊಣಕೈಯಿಂದ ಮಾಡಿಟ್ಟಿದ್ದ ಗುಳಿಯೊಳಗೆ ತಲೆಯಿಟ್ಟಳು. ಅಳತೆ ಸರಿಯಾಗಿತ್ತು. ಇನ್ನೊಂದು ಉಸಿರು ಎಳೆಯುವಷ್ಟರಲ್ಲಿ ನಿದ್ದೆ ಹೋದಳು.

ಎಬ್ಬಿಸಬೇಕೆಂದು ಅವಳ ಭುಜದವರೆಗೆ ಕೈ ಒಯ್ದೆ. ಹುಟ್ಟಿದಾಗಿನಿಂದ ಎಷ್ಟು ಸಲ ಎಬ್ಬಿಸಿದ್ದೇನೆ ಇವಳನ್ನು. ಅಜ್ಜಿಗೆ ನೀರು ಕೊಡು, ಏಳು. ಬಸ್ಸು ಬಂತು, ಏಳು. ಅಪ್ಪ ಬಂದಿದ್ದಾನೆ, ಜಾಗ ಬಿಡು, ಏಳು. ತಾಯಿ ಎಂದರೆ ಎಬ್ಬಿಸುವವಳು ಎಂದೇ ಇವಳು ತಿಳಿದಿರಬೇಕು. ನನ್ನ ಕೈ ಅಲ್ಲೇ ನಿಂತಿತು. ಹೊದಿಕೆಯ ಮಡಚಿದ ಮೂಲೆಯನ್ನು ಎತ್ತಿ ಅವಳ ಭುಜಕ್ಕೆ ಹೊದಿಸಿತು.

ಸಮಿತಿ ಬಾಗಿಲಿಗೆ ಬಂತು. ಮುಂದೆ ಸಮಿತಿಯ ಮುಖ್ಯಸ್ಥೆ ಮೇಡಂ, ಹಿಂದೆ ದಯವಿಟ್ಟು ಸಾರ್, ಅವರ ಹಿಂದೆ ಇನ್ನಷ್ಟು ಜನ. ದಯವಿಟ್ಟು ಸಾರ್ ಹಾಸಿಗೆ ನೋಡಿದರು. ಅವಳನ್ನು ಎಬ್ಬಿಸಲು ಮುಂದೆ ನುಗ್ಗಿದರು.

"ಶ್ಶ್," ಎಂದರು ಮೇಡಂ. ಕಣ್ಣು ಅರಳಿದ್ದವು. "ಎಬ್ಬಿಸಬೇಡಿ ಪಾಪ. ನೋಡಿ, ಎಷ್ಟು ನಿಶ್ಚಿಂತೆಯಾಗಿ ಮಲಗಿದೆ ಮಗು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?"

ಎಲ್ಲರೂ ಸದ್ದಿಲ್ಲದೆ ಒಳಗೆ ಬಂದರು. ಒಬ್ಬರು ಫೋಟೋ ತೆಗೆದರು. ಇನ್ನೊಬ್ಬರು ಪರದೆಯ ಬಟ್ಟೆ ಮುಟ್ಟಿ ನೋಡಿದರು. ನಾಳೆ ಪರೀಕ್ಷೆಯಿರುವ ಹುಡುಗಿಯ ಸುತ್ತ ನಿಂತು, ಹಾಸಿಗೆಯ ಗುಣಮಟ್ಟದ ಬಗ್ಗೆ ಪಿಸುಮಾತಿನಲ್ಲಿ ಚರ್ಚಿಸಿದರು.

ಮೇಡಂ ನನ್ನ ಹತ್ತಿರ ಬಂದರು. "ಹಿಂದಿನ ಕೋಣೆಗಳೂ ಹೀಗೇ ಇವೆಯೇನಮ್ಮಾ? ಅಲ್ಲೂ ಹುಡುಗೀರು ಇದಾರಾ?"

ದಯವಿಟ್ಟು ಸಾರ್ ನನ್ನನ್ನೇ ನೋಡುತ್ತಿದ್ದರು. ಆದರೂ ಹೇಳಿದೆ.

"ಅಲ್ಲಿ ಹುಡುಗೀರಿಲ್ಲ ಮೇಡಂ. ಒಂದೊಂದು ರಾತ್ರಿಗೆ ಬಾಡಿಗೆ ಕೊಟ್ಟು ಬರೋರು. ಫಲಕ ಇವತ್ತು ನಾನೇ ಬದಲಾಯಿಸಿದ್ದು. ಹೋಗಿ ನೋಡಿ, ಬಾಗಿಲು ತೆಗೀತೀನಿ."

ಮೇಡಂ ಕೈಗಡಿಯಾರ ನೋಡಿದರು. ಆಮೇಲೆ ದಯವಿಟ್ಟು ಸಾರ್ ಕಡೆ ತಿರುಗಿದರು.

"ಅದು ಹಂಗಾಮಿ ವ್ಯವಸ್ಥೆ ಮೇಡಂ," ಎಂದರು ದಯವಿಟ್ಟು ಸಾರ್. "ಖಾಲಿ ಬಿಟ್ಟರೆ ಕಟ್ಟಡ ಹಾಳಾಗುತ್ತೆ ಅಂತ. ಒಪ್ಪಂದದಲ್ಲಿ ಅವಕಾಶ ಇದೆ."

"ಹಾಗಾದ್ರೆ ಸರಿ," ಎಂದರು ಮೇಡಂ. ನನ್ನ ಭುಜ ತಟ್ಟಿದರು. "ಕೆಲಸದೋರು ಇಷ್ಟು ಮುಕ್ತವಾಗಿ ಮಾತಾಡೋದು ಒಳ್ಳೇ ಲಕ್ಷಣ." ಅದನ್ನೂ ವರದಿಯಲ್ಲಿ ಸೇರಿಸಲು ಪಕ್ಕದವರಿಗೆ ಹೇಳಿ, ಟೀಗೆ ಹೋದರು.

ನಾನು ನಿಂತಲ್ಲೇ ನಿಂತಿದ್ದೆ. ಇಷ್ಟು ದಿನ ಒಂದು ನಂಬಿಕೆ ಇತ್ತು. ಮೇಲಿನವರಿಗೆ ಗೊತ್ತಿಲ್ಲ, ಗೊತ್ತಾದರೆ ಸುಮ್ಮನಿರುವುದಿಲ್ಲ ಎಂದು. ಈಗ ಗೊತ್ತಾಯಿತು. ಸುಮ್ಮನಿದ್ದರು. ಒಂದು ಲೆಕ್ಕದಲ್ಲಿ ಹಗುರವೇ ಆಯಿತು. ಇನ್ನು ಯಾರಿಗೂ ಹೇಳುವುದು ಉಳಿದಿರಲಿಲ್ಲ.

ಕಾರುಗಳು ಹೋದ ಸದ್ದಾಯಿತು. ದಯವಿಟ್ಟು ಸಾರ್ ಹಿಂತಿರುಗಿ ಬಂದರು. ಹಣೆಯ ಬೆವರು ಒರೆಸಿಕೊಂಡರು.

"ನೀವು ಹೇಳಿದ್ದನ್ನ ನಾನು ಮನಸ್ಸಿಗೆ ಹಾಕ್ಕೊಂಡಿಲ್ಲ," ಎಂದರು. "ಎಲ್ಲಾ ಚೆನ್ನಾಗಾಯ್ತು. ಈಗ ದಯವಿಟ್ಟು ಅವಳನ್ನ ಎಬ್ಬಿಸಿ."

"ಇಲ್ಲ ಸಾರ್."

"ಏನು?"

"ಎಬ್ಬಿಸಲ್ಲ."

ಅವರಿಗೆ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಯಿತು. ಬಕೆಟ್ಟೇ ಎದುರು ಮಾತಾಡಿತೇನೋ ಎಂಬಂತೆ ನನ್ನನ್ನು ನೋಡಿದರು.

"ಮಾದರಿ ಕೋಣೆ ಇದು. ಮಲಗಿದ್ರೆ ಹಾಸಿಗೆ ಹಾಳಾಗುತ್ತೆ."

"ಹಾಸಿಗೆ ಇರೋದೇ ಅದಕ್ಕೆ ಸಾರ್."

"ನೋಡಿ, ಆಮೇಲೆ ನಾನು ದಯವಿಟ್ಟು ಅನ್ನಲ್ಲ."

"ಅನ್ನಬೇಡಿ."

"ನಾಳೆಯಿಂದ ಕೆಲಸಕ್ಕೆ ಬರಬೇಡಿ ಹಾಗಾದ್ರೆ!"

"ಬರಲ್ಲ ಸಾರ್. ಬರಬೇಕಾದ್ರೆ ಮೊದಲು ಹೋಗಬೇಕಲ್ಲ. ನಾವು ಹೋಗ್ತಾ ಇಲ್ಲ."

ನಾನು ಬಾಗಿಲ ಹೊಸ್ತಿಲ ಮೇಲೆ ಕೂತೆ. ಒರೆಸುವ ಕೋಲನ್ನು ಅಡ್ಡ ಇಟ್ಟುಕೊಂಡೆ.

ಅವರು ಗೇಟಮ್ಮನನ್ನು ಕರೆಸಿದರು. ಗೇಟಿನ ಕಾವಲಿಗಿರುವ ಹೆಂಗಸು. ಹಳೆಯ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು, ನನ್ನ ಜೊತೆಯೇ ಹಸ್ತಾಂತರವಾದವಳು. ಎತ್ತರದ ಆಳು, ದಪ್ಪ ಬೂಟು. ನನ್ನ ತಲೆಯ ಮೇಲಿಂದ ಬಗ್ಗಿ ಒಳಗೆ ನೋಡಿದಳು.

"ಮಲಗಿದೆ," ಎಂದಳು.

"ಕಾಣುತ್ತೆ! ಹೊರಗೆ ಹಾಕು!"

"ಸಾರ್, ಹೊರಗಿನೋರು ಒಳಗೆ ಬರದ ಹಾಗೆ ನೋಡ್ಕೋ ಅಂತ ನೀವೇ ಹೇಳಿದ್ದು. ಒಳಗಿರೋರನ್ನ ಹೊರಗೆ ಹಾಕೋದು ಬೇರೆ ಕೆಲಸ. ಅದಕ್ಕೆ ಬೇರೆ ಆಳು ಬೇಕು." ನನ್ನ ಕಡೆ ತಿರುಗಿದಳು. "ಅಕ್ಕಾ, ಟೀ ಕಳಿಸ್ಲಾ?"

"ಸಕ್ಕರೆ ಜಾಸ್ತಿ ಹಾಕು," ಎಂದೆ.

ದಯವಿಟ್ಟು ಸಾರ್ ಹಜಾರದಲ್ಲಿ ಅತ್ತಿಂದಿತ್ತ ನಡೆಯುತ್ತ, ಸ್ಪೀಕರ್ ಹಾಕಿಕೊಂಡು ಫೋನು ಮಾಡಿದರು. ನನಗೆ ಎಲ್ಲ ಕೇಳಿಸುತ್ತಿತ್ತು. ವಿಶ್ವವಿದ್ಯಾಲಯದ ಕಚೇರಿಯವರು, ಕಟ್ಟಡ ನಿಮ್ಮದು, ನೀವೇ ನೋಡಿಕೊಳ್ಳಿ ಎಂದರು. ಕಂಪನಿಯ ಮುಖ್ಯ ಕಚೇರಿಯವರು, ಆ ಕೋಣೆ ವಿಶ್ವವಿದ್ಯಾಲಯದ ಪಾಲಿನದು, ಹುಡುಗಿ ವಿಶ್ವವಿದ್ಯಾಲಯದವಳು, ಸಮಿತಿ ಬೇರೆ ಇವತ್ತೇ ಫೋಟೋ ತೆಗೆದಿದೆ, ಅವರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ ಎಂದರು. ದಯವಿಟ್ಟು ಸಾರ್ ಮತ್ತೆ ವಿಶ್ವವಿದ್ಯಾಲಯಕ್ಕೆ ಮಾಡಿದರು. ಅಲ್ಲಿ ಈ ಬಾರಿ ಯಾರೂ ಎತ್ತಲಿಲ್ಲ. ಸಹಭಾಗಿತ್ವ ಎಂಬುದು ಅಂದು ಮೊದಲ ಬಾರಿಗೆ ನಮ್ಮ ಕೆಲಸಕ್ಕೆ ಬಂತು.

ಫೋನಿನ ವಿಷಯದಿಂದ ನನಗೂ ನೆನಪಾಯಿತು. ಮನೆಯಲ್ಲಿ ಅತ್ತೆ ಒಬ್ಬರೇ. ಭಾವನಿಗೆ ಮಾಡಿದೆ.

"ಭಾವಾ, ಇವತ್ತು ಅತ್ತೆ ಹತ್ರ ನೀವು ಹೋಗಿ ಇರಬೇಕು. ನಾಳೆಯೂ."

"ಇವತ್ತಾ? ಕಷ್ಟ ಆಗುತ್ತಲ್ಲಮ್ಮಾ. ತಮ್ಮನ್ನ ಕೇಳಿದ್ಯಾ?"

"ನಾನು ಕೇಳ್ತಾ ಇಲ್ಲ ಭಾವಾ. ಹೇಳ್ತಾ ಇದೀನಿ. ಬೆಡ್‌ಪ್ಯಾನ್ ಮಂಚದ ಕೆಳಗಿದೆ."

ಅವರು ಏನೋ ಹೇಳುವ ಮೊದಲೇ ಇಟ್ಟೆ. ಸಂಜೆಯ ಹೊತ್ತಿಗೆ ಅದೇ ನಂಬರಿನಿಂದ ಫೋನು ಬಂತು. ಅತ್ತೆಯ ದನಿ.

"ಏನೇ ಮಾಡಿದೆ? ನನ್ನ ದೊಡ್ಡ ಮಗ ಬಂದು ಮಂಚದ ಕೆಳಗೆ ಬಗ್ಗಿ ನೋಡಿ, ಅಲ್ಲೇ ಕೂತುಬಿಟ್ಟಿದಾನೆ."

"ಮಗಳು ಮಲಗಿದಾಳೆ ಅತ್ತೆ. ಆ ಹಾಸಿಗೆ ಮೇಲೆ."

ಅತ್ತೆ ಕೆಮ್ಮಿದರು.

"ಮೆತ್ತಗಿದೆಯಾ?"

"ಮೆತ್ತಗಿದೆ."

"ಹಾಗಾದ್ರೆ ಎಬ್ಬಿಸಬೇಡ ಮುಂಡೇದನ್ನ," ಎಂದು ಇಟ್ಟರು.

ಹಜಾರದ ದೀಪಗಳು ಹತ್ತಿದವು. ದಯವಿಟ್ಟು ಸಾರ್ ನನ್ನ ಎದುರು ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರಿಗೂ ಒಂದು ಲೆಕ್ಕವಿತ್ತು. ಮನುಷ್ಯರಲ್ಲವೇ, ಎಷ್ಟು ಹೊತ್ತೆಂದು ಒಳಗಿರುತ್ತಾರೆ. ಎದ್ದವಳು ಬಾತ್‌ರೂಮಿಗೆ ಹೋಗಲೇಬೇಕು. ಅದಕ್ಕೆ ಹಜಾರ ದಾಟಿ ಆಚೆ ಹೋಗಬೇಕು. ಹೊರಗೆ ಕಾಲಿಟ್ಟ ಕೂಡಲೇ ಬಾಗಿಲಿಗೆ ಬೀಗ ಹಾಕಿಸುವುದು. ಅವರ ಮಡಿಲಲ್ಲಿ ಹೊಸ ಬೀಗವಿತ್ತು.

ಮಗಳು ಎದ್ದಳು. ಮೊದಲು ಗಾಬರಿಯಿಂದ ಬಸ್ಸಿನ ಕಂಬಿ ಹುಡುಕುವಂತೆ ಕೈ ಚಾಚಿದಳು. ಸುತ್ತ ನೋಡಿದಳು. ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಗೆರೆ ಮೂಡಿತ್ತು.

"ಅಮ್ಮಾ! ಬಸ್ಸು?"

"ಹೋಯ್ತು. ನಾಳೆ ಪರೀಕ್ಷೆಗೆ ಇಲ್ಲಿಂದಲೇ ನಡ್ಕೊಂಡು ಹೋಗು. ಓದೋದಿದ್ರೆ ಓದು, ದೀಪ ಚೆನ್ನಾಗಿದೆ."

ಅವಳು ನನ್ನನ್ನು ನೋಡಿದಳು, ಅಡ್ಡ ಇಟ್ಟ ಕೋಲನ್ನು ನೋಡಿದಳು, ಆಚೆ ಬೀಗ ಹಿಡಿದು ಕೂತವರನ್ನು ನೋಡಿದಳು. ಕೆಳಗಿನ ತುಟಿ ಕಚ್ಚಿಕೊಂಡಳು. ಆಮೇಲೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು, "ಅಮ್ಮಾ, ಅರ್ಜೆಂಟು. ಎಲ್ಲಿಗೆ ಹೋಗ್ಲಿ?"

ನಾನು ಸೊಂಟದಿಂದ ಬೀಗದ ಕೈ ತೆಗೆದೆ. ಎದ್ದು ಹೋಗಿ, ಒಳಗಿನ ಟಾಯ್ಲೆಟ್ಟಿನ ಬಾಗಿಲು ತೆರೆದುಕೊಟ್ಟೆ. ಅವಳು ಒಳಗೆ ಹೋದಳು.

ದಯವಿಟ್ಟು ಸಾರ್ ಎದ್ದು ನಿಂತರು. ಬೀಗ ನೆಲಕ್ಕೆ ಬಿತ್ತು.

"ಅದಕ್ಕೆ ಪೈಪು ಜೋಡಿಸಿಲ್ಲ!"

"ಗೊತ್ತು ಸಾರ್."

ಒಳಗಿನಿಂದ ಫ್ಲಶ್ಶಿನ ಗುಂಡಿ ಒತ್ತಿದ ಟಪ್ ಎಂಬ ಸದ್ದು ಬಂತು. ಒಂದೇ ಸಲ. ಅವಳು ಹೊರಬಂದು, ಮೇಜಿನ ದೀಪ ಹಚ್ಚಿ, ಕುರ್ಚಿ ಎಳೆದು ಪುಸ್ತಕದ ಮುಂದೆ ಕೂತಳು. ಯಾರೂ ನೋಡಲು ಬಂದಿರಲಿಲ್ಲ. ಆದರೂ ಓದುತ್ತಿದ್ದಳು.

ದಯವಿಟ್ಟು ಸಾರ್ ನನ್ನನ್ನು ನೋಡಿದರು. ಉದ್ಘಾಟನೆಯ ದಿನ ನೋಡಿದ್ದರಲ್ಲ, ಅದೇ ನೋಟ. ಏನೂ ಹೇಳಬೇಕಾಗಿರಲಿಲ್ಲ, ನೋಡಿದರೆ ಸಾಕು, ಇವಳು ಹೋಗಿ ಬಕೆಟ್ಟು ತಂದು ಎತ್ತುತ್ತಾಳೆ ಎಂಬಂತೆ.

ಮೂಲೆಯಲ್ಲಿ ಬಕೆಟ್ಟಿತ್ತು. ನನ್ನ ಜೊತೆ ಹಸ್ತಾಂತರವಾದ ಅದೇ ಹಳೆಯ ಬಕೆಟ್ಟು. ಹೋಗಿ ತಂದೆ. ಒಳಗೆ ಮಗ್ಗು ಇಟ್ಟೆ, ಮೇಲೆ ಟವೆಲು ಮಡಚಿ ಹಾಕಿದೆ. ಬಾಗಿಲಿಗೆ ಬಂದು ಅವರ ಕೈಗೆ ಕೊಟ್ಟೆ. ಅಭ್ಯಾಸವಿಲ್ಲದ ಕೈ, ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು.

"ಪೈಪಿನವನು ಬರೋವರೆಗೆ," ಎಂದೆ. "ದಯವಿಟ್ಟು."